ಕಬ್ಬಿನ ಉಣ್ಣೆಹೇನೂ ಅದರ ವೈರಿಗಳೂ

ಪ್ರಾಣಿಗಳ ಸಂಖ್ಯೆಯನ್ನು ಹಿಡಿತದಲ್ಲಿ ಇಡುವುದು ಯಾವುದು? ಒಂದು ಜೋಡಿ ಇಲಿಯ ಸಂತತಿಯೆಲ್ಲ ಸಾಯದೆ ಉಳಿದರೆ ಕೆಲವೇ ವರ್ಷಗಳಲ್ಲಿ ನಮಗೆ ಕಾಲಿಡಲು ನೆಲವಿರದು. ಹಾಗೆ ಆಗುವುದಿಲ್ಲ. ಮಳೆ, ಚಳಿ, ಅನ್ನದ ಕೊರತೆ ಇವೇ ಕಾರಣವೆಂದು ಸಾಮಾನ್ಯರು ಹೇಳುವರು. ಅದು ನಿಜವೇ. ಆದರೆ ಒಂದು ಜೀವಿಯ ಏಳುಬೀಳು ಬಹುಮಟ್ಟಿಗೆ ಇನ್ನೊಂದು ಜೀವಿಯ ಕೈಯಲ್ಲಿದೆ ಎಂಬುದು ಪರಿಸರ ವಿಜ್ಞಾನದ ಮುಖ್ಯ ಮಾತು. ಒಂದು ಇನ್ನೊಂದನ್ನು ತಿನ್ನುವುದು, ಒಂದೇ ತುತ್ತಿಗಾಗಿ ಎರಡು ಸ್ಪರ್ಧಿಸುವುದು, ಒಂದರ ಮೈಯೊಳಗೆ ಇನ್ನೊಂದು ಬೆಳೆಯುವುದು, ಎರಡೂ ಪರಸ್ಪರ ನೆರವಾಗುವುದು ಇವೇ ಆ ಸಂಬಂಧಗಳು. ಇವುಗಳಿಗೆ ಪಠ್ಯಪುಸ್ತಕಗಳು ಕೆನಡಾದ ಮೊಲವನ್ನೂ ಅದನ್ನು ತಿನ್ನುವ ಕಾಡುಬೆಕ್ಕನ್ನೂ ಉದಾಹರಿಸುತ್ತವೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ವಿದ್ಯಾರ್ಥಿಗಳಾದ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಕಬ್ಬಿನ ಎಲೆಯನ್ನು ಮಗುಚಿ ನೋಡಿದರೆ ಸಾಕು.

ನಾನು ಕಲಾ ವಿಭಾಗದವನು, ಪ್ರಾಣಿಶಾಸ್ತ್ರವನ್ನು ಓದಿದವನಲ್ಲ. ಆದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನಾದ ನನ್ನ ಫೀ ಕಬ್ಬಿನ ಬಿಲ್ಲಿನಿಂದಲೇ ಬಂದುದು. ಆದ್ದರಿಂದ ಕಬ್ಬನ್ನು ತಿನ್ನುವ ಪ್ರಾಣಿಯ ಲೆಕ್ಕ ನನಗೆ ಪರಕೀಯವಲ್ಲ.

2002ನೆಯ ಇಸವಿಯ ಜುಲೈ ತಿಂಗಳಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕಬ್ಬಿನಲ್ಲಿ ಒಂದು ಬಿಳಿಯ ಹೇನು ಕಾಣಿಸಿಕೊಂಡಿತು. ಅದೇ ವರ್ಷ ಅದು ಉತ್ತರ ಕರ್ನಾಟಕವನ್ನು ಹೊಕ್ಕಿತು. ಶಾಸ್ತ್ರಜ್ಞರು ಇದನ್ನು ಸೆರಟೋವ್ಯಾಕೂನ ಲ್ಯಾನಿಜೆರ ಎನ್ನುತ್ತಾರೆ. ನಮ್ಮವರು ಉಣ್ಣೆಹೇನು ಎಂದರು, ಗಡಿಯಾಚೆಯ ಮರಾಠಿಗರು ಲೋಕರಿ ಮಾವಾ ಎಂದರು. ಈಶಾನ್ಯ ಭಾರತದಲ್ಲಿ ಇದು ಮೊದಲೇ ಇತ್ತು. ದಕ್ಷಿಣದ ಕಬ್ಬಿಗೆ ಮಾತ್ರ ಹೊಸದು. ಎಲೆಯ ಕೆಳಮೈಯಲ್ಲಿ, ನಡುದಿಂಡಿನ ಎರಡೂ ಬದಿಗೆ, ಮೇಣದಂಥ ಬಿಳಿ ಎಳೆಗಳನ್ನು ಹೊದ್ದು ಸಾವಿರಾರು ಹೇನುಗಳು ಒತ್ತೊತ್ತಾಗಿ ಕುಳಿತು ರಸ ಹೀರುತ್ತವೆ. ಅವು ಸುರಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅಲ್ಲಿ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಎಲೆಗೆ ಬಿಸಿಲು ತಾಗದಾಗುತ್ತದೆ. ಕಬ್ಬಿನ ತೂಕವೂ ಸಕ್ಕರೆಯ ಇಳುವರಿಯೂ ಇಳಿಯುತ್ತವೆ. "ಎಲಿ ಹೊಳ್ಳಿಸಿದ್ರ ಹತ್ತಿ ಒಣ ಹಾಕಿಧಂಗ ಇತ್ತು" ಎಂದು ನಮ್ಮ ಅಪ್ಪ ಇಂದಿಗೂ ಹೇಳುವರು.

ಈ ಹೇನು ಅಷ್ಟು ಬೇಗ ಹಬ್ಬಿದ್ದಕ್ಕೆ ಕಾರಣವನ್ನು ಮೊದಲು ಅದರ ಮೈಯಲ್ಲಿಯೇ ಹುಡುಕಬೇಕು. ಗಂಡಿನ ಅಗತ್ಯವಿಲ್ಲದೆ ಹೆಣ್ಣು ನೇರವಾಗಿ ಜೀವಂತ ಮರಿಗಳನ್ನು ಹಾಕುತ್ತದೆ; ರೆಕ್ಕೆಯುಳ್ಳವು ಗಾಳಿಗೆ ಹಾರಿ ಹೊಸ ಹೊಲ ಸೇರುತ್ತವೆ. ಇನ್ನೊಂದು ಕಾರಣ ನಾವೇ ಒದಗಿಸಿದ್ದು. ಧೂಪದಾಳದ ಒಡ್ಡು, ಹಿಡಕಲ್ಲಿನ ಜಲಾಶಯಗಳಿಂದ ಘಟಪ್ರಭೆಯ ನೀರು ಕಾಲುವೆಗೆ ಹರಿದಂತೆ ಜೋಳದ ನೆಲ ಕಬ್ಬಿನ ನೆಲವಾಯಿತು. ಒಬ್ಬರ ಕಬ್ಬು ಕಡಿಯುವಾಗ ಪಕ್ಕದವರದು ನಿಂತಿರುತ್ತದೆ; ಕಡಿದಲ್ಲಿ ಕುಳೆ ಚಿಗುರುತ್ತದೆ. ವರ್ಷವಿಡೀ ತೆರೆದಿರುವ ಅನ್ನಛತ್ರವಿದು! ಇದಕ್ಕಿಂತಲೂ ದೊಡ್ಡ ಕಾರಣವೆಂದರೆ, ಬಂದ ಹೇನು ತನ್ನ ವೈರಿಗಳ ದಂಡನ್ನು ಸರಿಸಮನಾಗಿ ಜೊತೆಗೆ ತರಲಿಲ್ಲ.

ರೈತರು ಮಾಡಿದ್ದು ಸಹಜವಾದ ಕೆಲಸ: ಸಾಲ ತಂದಾದರೂ ಔಷಧಿ ಹೊಡೆದರು. ಆಳೆತ್ತರ ಮೀರಿದ, ನುಸುಳಲೂ ಆಗದ ಕಬ್ಬಿನಲ್ಲಿ ಪಂಪು ಹೊತ್ತು ಎಲೆಯ ಕೆಳಮೈಗೆ ಔಷಧಿ ತಾಗಿಸುವುದು ಎಂಥ ಕಷ್ಟವೆಂಬುದನ್ನು ಹೊಡೆದವರೇ ಬಲ್ಲರು. ತಾಗದೆ ಉಳಿದ ಹೇನು ಮತ್ತೆ ಮರಿ ಹಾಕಿತು. ಆದರೆ ವಿಷಯ ಇಷ್ಟೇ ಆಗಿರಲಿಲ್ಲ. ಇಲ್ಲಿ ನಾವು ಕಬ್ಬಿನ ಹೊಲವನ್ನು ಬಿಟ್ಟು ಸ್ವಲ್ಪ ಹೊತ್ತು ಇಟಲಿಯ ಕಡಲತೀರಕ್ಕೆ ಹೋಗಬೇಕು.

1914ರಿಂದ 1918ರವರೆಗಿನ ಮಹಾಯುದ್ಧದ ಕಾಲದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಕುಗ್ಗಿತ್ತು. ಆ ವರ್ಷಗಳ ಮಾರುಕಟ್ಟೆಯ ಲೆಕ್ಕ ನೋಡಿದ ಉಂಬರ್ತೋ ದಾಂಕೋನ ಎಂಬ ಪ್ರಾಣಿಶಾಸ್ತ್ರಜ್ಞನಿಗೆ ಒಂದು ಸಂಗತಿ ವಿಚಿತ್ರವೆನಿಸಿತು. ಬಲೆಗೆ ಬಿದ್ದುದರಲ್ಲಿ ಇತರ ಮೀನನ್ನು ತಿನ್ನುವ ಶಾರ್ಕಿನಂಥವುಗಳ ಪಾಲು ಹೆಚ್ಚಿತ್ತು. ಹಿಡಿಯುವುದು ಕಡಿಮೆಯಾದರೆ ತಿನ್ನುವವಕ್ಕೇ ಏಕೆ ಹೆಚ್ಚು ಲಾಭ? ಅವನ ಮಾವ, ಗಣಿತಜ್ಞ ವೀಟೋ ವೋಲ್ಟೆರ, 1926ರಲ್ಲಿ ಸಮೀಕರಣಗಳ ಮೂಲಕ ಉತ್ತರ ಕೊಟ್ಟನು. ಅಮೆರಿಕದ ಆಲ್ಫ್ರೆಡ್ ಲೋಟ್ಕ ಹಿಂದಿನ ವರ್ಷವೇ ಇಂಥದೇ ಸಮೀಕರಣಗಳನ್ನು ಪ್ರಕಟಿಸಿದ್ದನು.

ಅದರ ಸಾರ ಹೀಗಿದೆ. ಬೇಟೆ ಹೆಚ್ಚಿದರೆ ಬೇಟೆಗಾರ ಹೆಚ್ಚುತ್ತದೆ, ಆದರೆ ಸ್ವಲ್ಪ ತಡವಾಗಿ. ಬೇಟೆಗಾರ ಹೆಚ್ಚಿದ ಮೇಲೆ ಬೇಟೆ ಕುಗ್ಗುತ್ತದೆ. ಆಗ ಅನ್ನವಿಲ್ಲದೆ ಬೇಟೆಗಾರವೂ ಕುಗ್ಗುತ್ತದೆ. ಈಗ ಹೊರಗಿನವನೊಬ್ಬನು ಬಂದು ಎರಡನ್ನೂ ಸಮನಾಗಿ ಕೊಲ್ಲತೊಡಗಿದನೆನ್ನಿ. ಬೇಟೆಗೆ ಸಾವಿನ ನಷ್ಟವಿದ್ದರೂ ವೈರಿ ಕಡಿಮೆಯಾದ ಲಾಭವಿದೆ. ಬೇಟೆಗಾರನಿಗೆ ತಾನೂ ಸಾಯುವ, ತುತ್ತೂ ಕಡಿಮೆಯಾಗುವ ಇಮ್ಮಡಿ ನಷ್ಟ. ಕೊನೆಗೆ, ಕೊಲ್ಲುವವನು ತೀರ ಅತಿರೇಕಕ್ಕೆ ಹೋಗದಿದ್ದರೆ, ಬೇಟೆಯ ಸರಾಸರಿ ಸಂಖ್ಯೆ ಮೊದಲಿಗಿಂತ ಏರುತ್ತದೆ! ಯುದ್ಧಕಾಲದ ಕಡಲಿನಲ್ಲಿ ನಡೆದದ್ದು ಇದರ ಮಗ್ಗುಲು.

ಕಬ್ಬಿನ ಹೊಲದಲ್ಲಿ ಬಲೆಯ ಬದಲು ಔಷಧಿಯ ಪಂಪು. ಹೇನು ಬಂದ ಕೆಲಕಾಲದಲ್ಲಿಯೇ ಅದನ್ನು ತಿನ್ನುವ ಕೀಟಗಳೂ ಅದೇ ಎಲೆಯ ಮೇಲೆ ಕಾಣಿಸಿಕೊಂಡಿದ್ದವು. ಒಂದು, ಡೈಫಾ ಎಂಬ ಸಣ್ಣ ಪತಂಗದ ಮರಿಹುಳು. ಹೇನುಗಳ ನಡುವೆಯೇ ರೇಷ್ಮೆಯಂಥ ಬಲೆ ನೆಯ್ದು ಅದರೊಳಗಿದ್ದು ತಿನ್ನುತ್ತದೆ. ಇನ್ನೊಂದು, ಮೈಕ್ರೋಮಸ್ ಎಂಬ ಕಂದುಬಣ್ಣದ ಜಾಲರೆಕ್ಕೆಯ ಕೀಟ. ಮರಿಯೂ ಬೆಳೆದದ್ದೂ ಹೇನನ್ನೇ ತಿನ್ನುತ್ತವೆ. ಔಷಧಿ ಇವನ್ನೂ ಕೊಂದಿತು. ಹೇನು ಬೇಗ ಮರಿ ಹಾಕಿ ಚೇತರಿಸಿಕೊಳ್ಳುತ್ತದೆ; ಮೊಟ್ಟೆ, ಹುಳು, ಕೋಶವೆಂದು ಹಂತಹಂತವಾಗಿ ಬೆಳೆಯಬೇಕಾದ ವೈರಿಗೆ ಆ ವೇಗವಿಲ್ಲ. ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳಲ್ಲಿಯೂ ಹೀಗೆಯೇ ಆಗಿತ್ತು. ಅಲ್ಲಿನ ಬಿಳಿಯ ಶಲ್ಕಕೀಟವನ್ನು 1888-89ರಲ್ಲಿ ಆಸ್ಟ್ರೇಲಿಯದಿಂದ ತಂದ ಗುಲಗಂಜಿ ಹುಳು ಅಡಗಿಸಿತ್ತು. 1940ರ ದಶಕದಲ್ಲಿ ಡಿ.ಡಿ.ಟಿ. ಹೊಡೆದಾಗ ಗುಲಗಂಜಿ ಹುಳು ಸತ್ತು ಶಲ್ಕಕೀಟ ಮತ್ತೆ ತಲೆಯೆತ್ತಿತು.

ನಮ್ಮಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯಗಳ ವಿಜ್ಞಾನಿಗಳು ಪರಭಕ್ಷಕಗಳನ್ನು ಸಾಕಿ ಹೆಚ್ಚಿಸಿ ಹೊಲಗಳಿಗೆ ಬಿಡುವ ದಾರಿ ಹಿಡಿದರು. ಹೆಕ್ಟೇರಿಗೆ 1,000 ಡೈಫಾ ಅಥವಾ 2,500 ಮೈಕ್ರೋಮಸ್ ಬಿಡಬೇಕೆಂಬ ಶಿಫಾರಸು ಬಂದಿತು. ಇವು ಕಂಡ ಹೊಲದಲ್ಲಿ ಔಷಧಿ ಹೊಡೆಯಬಾರದೆಂದೂ ತಿಳಿಸಿದರು. ಹೇನಿನ ಮೈಯೊಳಗೇ ಮೊಟ್ಟೆಯಿಟ್ಟು ಬೆಳೆಯುವ ಎನ್‌ಕಾರ್ಸಿಯ ಎಂಬ ಅತಿ ಚಿಕ್ಕ ಕಣಜವನ್ನು ಅಸ್ಸಾಮಿನಿಂದ ತರಿಸಿದರು. ಸಾಲ ಮಾಡಿ ಬೆಳೆದ ಕಬ್ಬನ್ನು ಹೇನಿಗೆ ಬಿಟ್ಟು, ಹುಳವನ್ನು ನಂಬಿ ಕೈಕಟ್ಟಿ ಕೂಡ್ರಿರೆಂದರೆ ರೈತನಿಗೆ ಹೇಗಾಗಿರಬೇಡ! ವೋಲ್ಟೆರನ ಸಮೀಕರಣದಲ್ಲಿ ಬರುವ ಆ "ಸ್ವಲ್ಪ ತಡ" ಕಾಗದದ ಮೇಲೆ ಒಂದು ಗೆರೆಯ ಬಾಗು. ಹೊಲದಲ್ಲಿ ಅದು ಸಾಲಗಾರನಿಗೆ ಕೊಡಬೇಕಾದ ಕಂತು. ತಡೆದು ನಿಂತವರ ಹೊಲಗಳಲ್ಲಿ ವೈರಿ ಹೆಚ್ಚಿತು, ಹೇನು ಇಳಿಯಿತು.

ಎಲ್ಲವನ್ನೂ ಸಮೀಕರಣವೇ ಹೇಳುತ್ತದೆಂದು ನಾನು ವಾದಿಸಲಾರೆ. ಅದರಲ್ಲಿ ಕಬ್ಬಿಲ್ಲ, ಹವೆಯೂ ಇಲ್ಲ. ಉಣ್ಣೆಹೇನಿಗೆ ಮೋಡ ಮುಸುಕಿದ ತಂಪು ಹವೆ ಹಿತ. ಬೇಸಗೆಯ ಉರಿಯಲ್ಲಿ ಅದು ತಾನಾಗಿಯೇ ಕ್ಷೀಣಿಸುತ್ತದೆ. ಅದು ನಿರ್ನಾಮವಾಗಿಯೂ ಇಲ್ಲ, ಆಗುವುದು ವೈರಿಗೂ ಹಿತವಲ್ಲ: ಹೇನು ಪೂರ್ತಿ ಅಳಿದರೆ ಹೇನನ್ನೇ ನೆಚ್ಚಿದ ಡೈಫಾ ಉಣ್ಣುವುದೇನನ್ನು? ಅಲ್ಲಲ್ಲಿ ಒಂದಿಷ್ಟು ಹೇನು, ಅದರ ನಡುವೆ ಒಂದಿಷ್ಟು ಹುಳು, ಹೀಗೆ ಎರಡೂ ಉಳಿದುಕೊಂಡಿವೆ. ಮಳೆಗಾಲದ ಕೊನೆಗೆ ಕಬ್ಬಿನಲ್ಲಿ ಬಿಳಿ ಕಂಡರೆ ನಮ್ಮ ಅಪ್ಪ ಈಗ ಪಂಪನ್ನು ಇಳಿಸುವ ಮೊದಲು ಹತ್ತಿಪ್ಪತ್ತು ಎಲೆ ಹೊಳ್ಳಿಸಿ, ಹೇನಿನ ನಡುವೆ ಬಲೆ ಕಟ್ಟಿದ ಹುಳು ಇದೆಯೋ ಇಲ್ಲವೋ ಎಂದು ನೋಡುತ್ತಾರೆ.