ಸೊನ್ನಲಿಗೆಯಿಂದ ಸೊಲ್ಲಾಪುರಕ್ಕೆ: ಒಂದು ದಿನದ ನಗರಾಧ್ಯಯನ

ಗ್ರಂಥದಂತೆ ನಗರವೂ ಒಂದು ಪಠ್ಯ. ಅದನ್ನು ಓದುವುದಕ್ಕೆ ಪ್ರವಾಸಿಯ ಕುತೂಹಲವಷ್ಟೇ ಸಾಲದು. ಈ ಕಟ್ಟಡವನ್ನು ಯಾರು ಕಟ್ಟಿಸಿದರು, ಯಾರ ದುಡಿಮೆಯಿಂದ ಕಟ್ಟಲಾಯಿತು, ಯಾವ ಉದ್ದೇಶಕ್ಕೆ ಬಳಸಿದರು ಎಂಬ ಮೂರು ಪ್ರಶ್ನೆಗಳು ಜೊತೆಗಿರಬೇಕು. ದಾಳಿಂಬ, ಉಮರ್ಗಾ ಪರಿಸರದ ವಿದ್ಯಾರ್ಥಿಗಳಿಗೆ ಇಂಥ ಓದಿಗೆ ಸೊಲ್ಲಾಪುರಕ್ಕಿಂತ ಒದಗುವ ನಗರ ಬೇರೊಂದಿಲ್ಲ. ಉಮರ್ಗಾ, ನಿಲಂಗಾ, ಉದಗೀರ ಸೀಮೆ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಸೊಲ್ಲಾಪುರವಾದರೋ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಂದು ಬಸ್ಸಿನಲ್ಲಿ ಅನಾಯಾಸವಾಗಿ ದಾಟುವ ದಾರಿಯಲ್ಲಿ ಅಂದು ಎರಡು ರಾಜ್ಯಗಳ ಗಡಿಯಿತ್ತು.

ಮುಂಜಾನೆಯ ಓದು ಸಿದ್ಧೇಶ್ವರ ಗುಡಿಯಿಂದ ಆರಂಭವಾಗಲಿ. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮನ ಊರು ವಚನ ಪರಂಪರೆಯಲ್ಲಿ ‘ಸೊನ್ನಲಿಗೆ’ ಎಂದೇ ಪ್ರಸಿದ್ಧ. ಆತನು ಕೆರೆ ಕಟ್ಟಿಸಿದ ಕಥನವನ್ನು ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಕಾಣಬಹುದು. ಲೋಕಹಿತದ ಕಾಯಕವಾಗಿ ನಿಂತ ಈ ನೀರೇ ನಗರದ ಮೊದಲ ಪುಟ. ಪಕ್ಕದಲ್ಲಿಯೇ ಬಹಮನಿ ಕಾಲದ ಭುಯಿಕೋಟ್ ಕೋಟೆಯಿದೆ. 1818ರಲ್ಲಿ ಮನ್ರೋನ ಸೇನೆ ಇದನ್ನು ಪೇಶ್ವೆಯ ಪಡೆಯಿಂದ ವಶಪಡಿಸಿಕೊಂಡಿತು.

ಅನಂತರದ ಪುಟಗಳು ವಸಾಹತು ಕಾಲದವು. 1860ರಲ್ಲಿ ರೈಲು ಬಂದಿತು. 1877ರಲ್ಲಿ, ಇಂದು ‘ಜೂನಿ ಮಿಲ್’ ಎನ್ನಲಾಗುವ, ಬಟ್ಟೆ ಗಿರಣಿ ಆರಂಭವಾಯಿತು. ಹತ್ತಿ ಬೆಳೆಯುವ ನಾಡಿಗೆ ರೈಲು ಕೂಡಿದಾಗ ಗಿರಣಿಯ ನಗರ ಹುಟ್ಟಿತು. ಕನ್ನಡ, ಮರಾಠಿ, ತೆಲುಗು, ಉರ್ದು ಭಾಷಿಕರು ಒಂದೇ ಪೇಟೆಯಲ್ಲಿ ಬೆರೆತರು.

ಮಧ್ಯಾಹ್ನ ಇಂದ್ರಭವನವನ್ನು ನೋಡಿರಿ. ಶಿಲ್ಪಗಳಿಂದ ತುಂಬಿದ ಇದರ ಮುಂಭಾಗ ಪಾಶ್ಚಾತ್ಯ ಶೈಲಿಯನ್ನು ಭಾರತೀಯ ಅಲಂಕಾರದೊಡನೆ ಬೆಸೆಯುತ್ತದೆ. ಆದರೆ ಇದನ್ನು ಕಟ್ಟಿಸಿದವರು ಸ್ಥಳೀಯ ಲಿಂಗಾಯತ ವರ್ತಕ ಅಪ್ಪಾಸಾಹೇಬ ವಾರದರು. ಈಗ ಇದು ಮಹಾನಗರಪಾಲಿಕೆಯ ಕಟ್ಟಡ. ವಸಾಹತು ಶೈಲಿಯೆಂದ ಮಾತ್ರಕ್ಕೆ ಒಡೆತನವೂ ಪರಕೀಯರದ್ದೆಂದು ಭಾವಿಸಲಾಗದು ಎಂಬುದು ಇಲ್ಲಿನ ಪಾಠ.

ಸಂಜೆಯ ಪಾಠ ಚಾರ್ ಹುತಾತ್ಮಾ ಚೌಕದಲ್ಲಿ. 1930ರ ಮೇ ತಿಂಗಳಲ್ಲಿ ಸ್ವಾತಂತ್ರ್ಯ ಚಳವಳಿ ಭುಗಿಲೆದ್ದಾಗ ಸರ್ಕಾರವು ಇಲ್ಲಿ ಮಾರ್ಷಲ್ ಲಾ ಜಾರಿಗೊಳಿಸಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಶನ ಸಾರಡಾ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ನಾಲ್ಕು ಹೆಸರುಗಳಲ್ಲಿಯೇ ಊರಿನ ಬಹುತ್ವ ಅಡಗಿದೆ.

ಹೋಲಿಕೆಗೆ ಇಂಡೋನೇಷ್ಯದ ಜಕಾರ್ತಾವನ್ನು ತೆಗೆದುಕೊಳ್ಳಬಹುದು. 1710ರಲ್ಲಿ ಮುಗಿದ ಡಚ್ಚರ ನಗರಸಭಾ ಭವನ 1974ರಿಂದ ಇತಿಹಾಸ ಸಂಗ್ರಹಾಲಯವಾಗಿದೆ. ಬಿಳಿಯ ಗೋಡೆಗಳು ಇಂದು ಮನಮೋಹಕ. ಆದರೆ ಅದರ ಕೆಳಗೆ ಸೆರೆಕೋಣೆಗಳಿವೆ. 1830ರಲ್ಲಿ ಜಾವಾದ ಬಂಡಾಯಗಾರ ರಾಜಕುಮಾರ ದಿಪೊನೆಗೊರೊನನ್ನು ಗಡಿಪಾರಿಗೆ ಮುನ್ನ ಆ ಭವನದಲ್ಲಿಯೇ ಇರಿಸಲಾಗಿತ್ತು. ಅಂದವನ್ನು ಮೆಚ್ಚುವುದು ತಪ್ಪಲ್ಲ. ಅಂದದ ಬೆಲೆಯನ್ನು ತೆತ್ತವರನ್ನು ಮರೆಯುವುದು ತಪ್ಪು.

ಈ ಓದಿನಲ್ಲಿ ಕನ್ನಡ ವಿದ್ಯಾರ್ಥಿಯ ಹೊಣೆ ವಿಶೇಷವಾದುದು. ಗಿರಣಿ, ರೈಲುಗಳ ಚರಿತ್ರೆಯನ್ನು ಬರೆಯಲು ಇಂಗ್ಲಿಷ್ ದಾಖಲೆಗಳುಂಟು; ಸೊನ್ನಲಿಗೆಯನ್ನು ಅರಿಯಲು ವಚನಗಳ ಭಾಷೆ ಬೇಕು. ಗಡಿಯಲ್ಲಿ ಕನ್ನಡ ಕಲಿಯುವವರು ಕಡಿಮೆಯಾದಂತೆ ನಗರದ ಹಳೆಯ ಪುಟವನ್ನು ಓದಬಲ್ಲವರೂ ಕಡಿಮೆಯಾಗುತ್ತಾರೆ.

ಅಭ್ಯಾಸ:
1. ಕೆರೆ ಮತ್ತು ಗಿರಣಿ, ಇವೆರಡರ ಹಿಂದಿನ ಶ್ರಮ ಮತ್ತು ಉದ್ದೇಶಗಳನ್ನು ಹೋಲಿಸಿ.
2. ನಿಮ್ಮ ಊರಿನ ಒಂದು ಹಳೆಯ ಕಟ್ಟಡವನ್ನು ಆರಿಸಿ, ಮೇಲಿನ ಮೂರು ಪ್ರಶ್ನೆಗಳಿಗೆ ಹಿರಿಯರಿಂದ ಉತ್ತರ ಸಂಗ್ರಹಿಸಿ ಬರೆಯಿರಿ.