ಆಳದ ನೀರು

ಜಪಾನಿನ ಹಯಾವೊ ಮಿಯಾಜಾಕಿಯವರು 1984ರಲ್ಲಿ ನಿರ್ದೇಶಿಸಿದ ‘ಗಾಳಿಕಣಿವೆಯ ನೌಸಿಕಾ’ ಎಂಬ ಚಿತ್ರದಲ್ಲಿ ನಟರಿಲ್ಲ. ಬರೆದ ಚಿತ್ರಗಳೇ ನಡೆದಾಡುತ್ತವೆ, ನುಡಿಯುತ್ತವೆ. ತೊಗಲುಗೊಂಬೆಯಾಟವನ್ನು ಕಂಡವರಿಗೆ ಇದೇನೂ ತೀರ ಹೊಸತಲ್ಲ. ಏಳು ದಿನಗಳ ಅಗ್ನಿಯಲ್ಲಿ ನಾಗರಿಕತೆ ನಾಶವಾಗಿ ಸಾವಿರ ವರ್ಷ ಕಳೆದಿದೆ. ವಿಷದ ಕಾಡೊಂದು ಊರೂರನ್ನು ನುಂಗುತ್ತ ಬರುತ್ತಿದೆ. ಜನ ಅದನ್ನು ಸುಡಲು ಹೊರಡುತ್ತಾರೆ. ರಾಜಕುಮಾರಿ ನೌಸಿಕಾ ಮಾತ್ರ ಆ ಕಾಡಿನ ಬೀಜಗಳನ್ನು ತಂದು, ಬಾವಿಯ ಆಳದ ನೀರೆರೆದು ಗುಟ್ಟಾಗಿ ಬೆಳೆಸುತ್ತಾಳೆ. ಆ ಗಿಡಗಳಲ್ಲಿ ವಿಷವೇ ಇಲ್ಲ! ಕೆಟ್ಟದ್ದು ಮಣ್ಣು; ಕೆಡಿಸಿದವರು ಮನುಷ್ಯರು.

ಈ ದೃಶ್ಯ ಎಷ್ಟು ಸೊಗಸೋ ಪಾವಗಡದ ಪ್ರೇಕ್ಷಕನಿಗೆ ಅಷ್ಟೇ ತೊಡಕಿನದು. ಆಳದ ನೀರು ಶುದ್ಧವೆಂಬುದನ್ನು ಅವನು ಒಪ್ಪುವುದೆಂತು? ಕೆರೆಗಳು ಬತ್ತಿ, ಕೊಳವೆಬಾವಿಗಳು ಆಳಕ್ಕಿಳಿದಂತೆ ಪಾವಗಡ, ಮಧುಗಿರಿ, ಶಿರಾ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಕಲ್ಲಿನೊಳಗಿನ ಫ್ಲೋರೈಡ್ ನೀರಿನೊಡನೆ ಮೇಲೆ ಬಂದಿತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಮಕ್ಕಳ ಹಲ್ಲುಗಳು ಕಂದುಗಟ್ಟಿದವು. ಹಿರಿಯರ ಕೀಲುಗಳು ಬಿಗಿದುಕೊಂಡವು. ಬಂಡೆಯಲ್ಲಿ ವಿಷವಿಟ್ಟವರು ಮನುಷ್ಯರಲ್ಲ, ನಿಜ. ಅದನ್ನು ಮುಟ್ಟುವಷ್ಟು ಆಳಕ್ಕೆ ಕೊರೆದವರು ಅವರೇ.

ಶತ್ರುಗಳು ನಾಡನ್ನು ಹಿಡಿದಾಗ ನೌಸಿಕಾ ಆ ನೀರನ್ನು ನಿಲ್ಲಿಸಿಬಿಡುತ್ತಾಳೆ. ಗಿಡಗಳು ಇನ್ನು ಒಣಗುವುವು. ಕೆರೆ ಬತ್ತಿದ ಊರಿನವರಿಗೆ ಅವಳ ಆ ಸಂಕಟವನ್ನು ಯಾರೂ ವಿವರಿಸಬೇಕಾಗಿಲ್ಲ.