‘ಪ್ರವೇಶವಿಲ್ಲ’ ಎಂದವರು ಯಾರು?

ಹಳೆಯ ಪುಸ್ತಕ, ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳನ್ನು ಕಾಯ್ದಿಡುವ ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನು ಕ್ಲೌಡ್ ಸ್ಟೋರೇಜ್ ನೋಡಿಕೊಳ್ಳುತ್ತೇನೆ. ನಮ್ಮ ಫೈಲುಗಳೆಲ್ಲ ಇರುವುದು ಅಮೆಜಾನ್ ಎಸ್3 ಬಕೆಟ್‌ಗಳಲ್ಲಿ, ಮುಂಬೈ ರೀಜನ್ನಿನಲ್ಲಿ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಲ ಬಂದಿರುವ ಬೇಡಿಕೆ ಒಂದೇ: “ಸಾರ್, ಆಕ್ಸೆಸ್ ಡಿನೈಡ್ ಅಂತ ಬರ್ತಿದೆ. ಸ್ವಲ್ಪ ಪರ್ಮಿಷನ್ ಕೊಡಿ.”

ಕೇಳುವವರ ಅವಸರ ನನಗೆ ಅರ್ಥವಾಗುತ್ತದೆ. ಅವರ ಕೆಲಸ ನಿಂತಿರುತ್ತದೆ, ಮೇಲಿನವರು ಕಾಯುತ್ತಿರುತ್ತಾರೆ. ಆದರೂ ಇಷ್ಟು ವರ್ಷಗಳಲ್ಲಿ ನಾನು ಕಲಿತ ಮುಖ್ಯ ಪಾಠ ಇದು: ಅನುಮತಿ ಕೊಡುವುದಕ್ಕೆ ಮೊದಲು, ನಿರಾಕರಿಸಿದವರು ಯಾರು ಎಂದು ತಿಳಿಯಬೇಕು. ‘ಆಕ್ಸೆಸ್ ಡಿನೈಡ್’ನ ಸಂಕೇತವಾದ 403 ಎಂಬ ಉತ್ತರ ಒಂದೇ ರೀತಿ ಕಂಡರೂ ಅದು ಬರುವ ಜಾಗಗಳು ಹಲವು. ಬಳಕೆದಾರರ ಪಾಲಿಸಿ, ಬಕೆಟ್ಟಿನ ಪಾಲಿಸಿ, ಎನ್‌ಕ್ರಿಪ್ಷನ್ ಕೀಯ ಪಾಲಿಸಿ, ಇಡೀ ಸಂಸ್ಥೆಗೆ ಹಾಕಿದ ನಿರ್ಬಂಧ, ನೆಟ್‌ವರ್ಕಿನ ಎಂಡ್‌ಪಾಯಿಂಟ್ ಪಾಲಿಸಿ, ಹೀಗೆ ಯಾವುದು ಬೇಕಾದರೂ ತಡೆದಿರಬಹುದು. ಒಂದು ಕಡೆ ತಡೆದಿರುವುದನ್ನು ಇನ್ನೊಂದು ಕಡೆ ಸಡಿಲಿಸಿದರೆ ಫೈಲ್ ತೆರೆಯುವುದಿಲ್ಲ. ಸಡಿಲಿಸಿದ್ದು ಮಾತ್ರ ಹಾಗೆಯೇ ಉಳಿದುಬಿಡುತ್ತದೆ.

ಮೊದಲು ಮೂಲ ನಿಯಮ. ಈ ವ್ಯವಸ್ಥೆಯಲ್ಲಿ ಯಾರೂ ಏನೂ ಹೇಳದಿದ್ದರೆ ಉತ್ತರ ‘ಇಲ್ಲ’ ಎಂದೇ. ಯಾರಾದರೂ ಅನುಮತಿ ಬರೆದಿದ್ದರೆ ‘ಹೌದು’. ಆದರೆ ಎಲ್ಲೇ ಆಗಲಿ ‘ಡಿನೈ’ ಎಂದು ಸ್ಪಷ್ಟವಾಗಿ ಬರೆದಿದ್ದರೆ, ಉಳಿದವರು ಎಷ್ಟು ‘ಅಲೋ’ ಬರೆದಿದ್ದರೂ ಗೆಲ್ಲುವುದು ‘ಡಿನೈ’. ಅನುಮತಿ ಇಲ್ಲದೆ ಯಾರಿಗೂ ಏನೂ ಸಿಗಬಾರದು ಎಂಬ ಈ ತತ್ವ ಕ್ಲೌಡ್ ಬರುವುದಕ್ಕೂ ಬಹಳ ಹಿಂದಿನದು. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ತಮ್ಮ ಪ್ರಬಂಧದಲ್ಲಿ ಇದನ್ನೂ, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು ಎಂಬುದನ್ನೂ ಸುರಕ್ಷತೆಯ ಮೂಲ ಸೂತ್ರಗಳ ಪಟ್ಟಿಯಲ್ಲಿ ಸೇರಿಸಿದ್ದರು. ಎಸ್3 ಬಂದದ್ದು 2006ರಲ್ಲಿ. ಅದರ ಪ್ರತಿಯೊಂದು 403ರ ಹಿಂದೆ ಈ ಹಳೆಯ ಸೂತ್ರವೇ ಕೆಲಸ ಮಾಡುತ್ತಿದೆ ಎಂದು ತಿಳಿದ ಮೇಲೆ, ಆ ಉತ್ತರವನ್ನು ನಾನು ಸುಳಿವು ಎಂದೇ ಓದುತ್ತಾ ಬಂದಿದ್ದೇನೆ.

ಕೇಳುತ್ತಿರುವವರು ಯಾರು?

ನಮ್ಮಲ್ಲಿ ವರದಿ ಸಿದ್ಧಪಡಿಸುವ ಸಹೋದ್ಯೋಗಿಯೊಬ್ಬರಿಗೆ ತಿಂಗಳ ಲೆಕ್ಕದ ಫೈಲುಗಳು ತೆರೆಯುತ್ತಿರಲಿಲ್ಲ. ಅವರ ರೋಲಿಗೆ ಅನುಮತಿ ಇತ್ತು, ನಾನೇ ಓದಿ ನೋಡಿದ್ದೆ. ಅವರ ಲ್ಯಾಪ್‌ಟಾಪಿನಲ್ಲಿ ‘ಎಸ್‌ಟಿಎಸ್ ಗೆಟ್ ಕಾಲರ್ ಐಡೆಂಟಿಟಿ’ ಎಂಬ ಆಜ್ಞೆ ಕೊಡಿಸಿದೆ. ನಾನು ಯಾರಾಗಿ ಕೇಳುತ್ತಿದ್ದೇನೆ ಎಂಬುದಕ್ಕೆ ಉತ್ತರ ಕೊಡುವ ಆಜ್ಞೆ ಅದು. ಅದನ್ನು ಚಲಾಯಿಸಲು ಯಾವ ಅನುಮತಿಯೂ ಬೇಡ. ಬಂದದ್ದು ಬೇರೆಯೇ ಬಳಕೆದಾರರ ಹೆಸರು. ಹಳೆಯ ಪ್ರಾಜೆಕ್ಟೊಂದರ ಕೀಗಳು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಉಳಿದುಕೊಂಡಿದ್ದವು. ಕಮಾಂಡ್ ಲೈನ್ ಉಪಕರಣ ಕ್ರೆಡೆನ್ಷಿಯಲ್ ಫೈಲಿಗಿಂತ ಮೊದಲು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ನೋಡುತ್ತದೆ. ಹಾಗಾಗಿ ಹೊಸ ಕೀ ಸರಿಯಾಗಿ ಬರೆದಿಟ್ಟಿದ್ದರೂ ಕೋರಿಕೆ ಹೋಗುತ್ತಿದ್ದುದು ಹಳೆಯ ಹೆಸರಿನಲ್ಲಿ. ಆ ಹಳೆಯ ಕೀಗಳ ಎರಡು ಸಾಲು ಅಳಿಸಿದ ಕೂಡಲೇ ಫೈಲುಗಳು ತೆರೆದವು. ಪಾಲಿಸಿಯಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ.

ಅಂದಿನಿಂದ ನಾನು ಕೇಳುವ ಮೊದಲ ಪ್ರಶ್ನೆಯೇ ಇದು. ಸರ್ವರ್ ಮೇಲೆ ಓಡುವ ಪ್ರೋಗ್ರಾಮ್ ಆದರೂ ಸರಿ, ಮನುಷ್ಯರಾದರೂ ಸರಿ, ಯಾವ ಗುರುತಿನಲ್ಲಿ ಕೇಳುತ್ತಿದ್ದಾರೆ ಎಂದು ಖಚಿತವಾಗದೆ ಪಾಲಿಸಿ ಓದಲು ಕೂರುವುದು ವ್ಯರ್ಥ.

ಕೇಳುತ್ತಿರುವುದು ಏನನ್ನು?

ಬಕೆಟ್ ಬೇರೆ, ಅದರೊಳಗಿನ ಫೈಲುಗಳು ಬೇರೆ. ಪಟ್ಟಿ ನೋಡುವ ‘ಲಿಸ್ಟ್ ಬಕೆಟ್’ ಅನುಮತಿಯನ್ನು ಬಕೆಟ್ಟಿನ ವಿಳಾಸಕ್ಕೆ ಕೊಡಬೇಕು. ಫೈಲ್ ಓದುವ ‘ಗೆಟ್ ಆಬ್ಜೆಕ್ಟ್’ ಅನುಮತಿಯನ್ನು ಬಕೆಟ್ಟಿನ ಹೆಸರಿನ ಮುಂದೆ ಓರೆಗೆರೆ ಮತ್ತು ನಕ್ಷತ್ರ ಚಿಹ್ನೆ ಸೇರಿಸಿದ ವಿಳಾಸಕ್ಕೆ ಕೊಡಬೇಕು. ಎರಡನ್ನೂ ಒಂದೇ ವಿಳಾಸದಡಿ ಬರೆದರೆ ಒಂದು ನಡೆಯುತ್ತದೆ, ಇನ್ನೊಂದು ನಿಲ್ಲುತ್ತದೆ. ಪಟ್ಟಿ ಕಾಣುತ್ತದೆ, ಫೈಲ್ ತೆರೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಆ ಓರೆಗೆರೆಯನ್ನೇ.

ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಸಂಗತಿ ಇನ್ನೊಂದಿದೆ. ಪಟ್ಟಿ ನೋಡುವ ಅನುಮತಿ ಇಲ್ಲದವರು ಇಲ್ಲದ ಫೈಲನ್ನು ಕೇಳಿದರೆ ‘ಸಿಗಲಿಲ್ಲ’ ಎಂಬ 404 ಬರುವುದಿಲ್ಲ, 403 ಬರುತ್ತದೆ. ಒಳಗೆ ಏನಿದೆ ಎಂದು ತಿಳಿಯುವ ಅಧಿಕಾರವಿಲ್ಲದವರಿಗೆ ಏನಿಲ್ಲ ಎಂಬುದನ್ನೂ ಹೇಳಬಾರದು ಎಂಬುದು ಅಲ್ಲಿನ ತರ್ಕ. ಫೈಲಿನ ಹೆಸರಿನಲ್ಲಿ ಒಂದು ಅಕ್ಷರ ದೊಡ್ಡದಾಗಿದ್ದುದರಿಂದ, ಫೋಲ್ಡರಿನ ದಿನಾಂಕ ತಪ್ಪಾಗಿದ್ದುದರಿಂದ ಜನ ಪರ್ಮಿಷನ್ನಿಗಾಗಿ ಅಲೆದಾಡಿದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ಪಟ್ಟಿ ನೋಡುವ ಅಧಿಕಾರ ಇರುವವರೊಬ್ಬರು, ಆ ಹೆಸರಿನ ಫೈಲ್ ನಿಜಕ್ಕೂ ಇದೆಯೇ ಎಂದು ಮೊದಲೇ ನೋಡಿ ಹೇಳುವುದು ಒಳ್ಳೆಯದು.

ಫೈಲಿನ ಒಡೆಯರು ಯಾರು?

ನನಗೆ ಅತ್ಯಂತ ಹೆಚ್ಚು ಕಲಿಸಿದ ಪ್ರಕರಣ ಬಂದದ್ದು ಪಾಲುದಾರ ಸಂಸ್ಥೆಯೊಂದರ ಜೊತೆಗಿನ ಕೆಲಸದಲ್ಲಿ. ಅವರು ಪುಟಗಳನ್ನು ಸ್ಕ್ಯಾನ್ ಮಾಡಿ ತಮ್ಮ ಅಕೌಂಟಿನಿಂದ ನಮ್ಮ ಬಕೆಟ್ಟಿಗೆ ಏರಿಸುತ್ತಿದ್ದರು. ಬ್ಯಾಂಕ್ ಲಾಕರ್ ತೆರೆಯಲು ಬ್ಯಾಂಕಿನ ಕೀಯೂ ಗ್ರಾಹಕರ ಕೀಯೂ ಎರಡೂ ಬೇಕಲ್ಲವೇ, ಹಾಗೆ ಎರಡು ಅಕೌಂಟುಗಳ ನಡುವಿನ ವ್ಯವಹಾರಕ್ಕೆ ಎರಡೂ ಕಡೆಯ ಒಪ್ಪಿಗೆ ಬೇಕು: ಕೇಳುವವರ ಅಕೌಂಟಿನಲ್ಲಿ ಅವರಿಗೆ ಅನುಮತಿ ಇರಬೇಕು, ಬಕೆಟ್ಟಿನ ಪಾಲಿಸಿಯೂ ಅವರನ್ನು ಒಪ್ಪಬೇಕು. ಒಂದೇ ಅಕೌಂಟಿನೊಳಗೆ ಸಾಮಾನ್ಯವಾಗಿ ಇವೆರಡರಲ್ಲಿ ಒಂದಿದ್ದರೆ ಸಾಕು. ನಮ್ಮಲ್ಲಿ ಎರಡೂ ಸರಿಯಾಗಿದ್ದವು, ಫೈಲುಗಳು ಬರುತ್ತಿದ್ದವು. ಆದರೆ ನಮ್ಮ ಬಕೆಟ್ಟಿನಲ್ಲಿದ್ದ ಆ ಫೈಲುಗಳನ್ನು ನಾವೇ ಓದುವಂತಿರಲಿಲ್ಲ. ಹೆಸರು, ಗಾತ್ರ, ದಿನಾಂಕ ಎಲ್ಲ ಪಟ್ಟಿಯಲ್ಲಿ ಕಾಣುತ್ತಿತ್ತು. ಇಳಿಸಿಕೊಳ್ಳಲು ಹೋದರೆ 403.

ಇದರ ಹಿಂದೆ ಎರಡು ಕಾರಣಗಳು ಒಂದರ ಮೇಲೊಂದು ಕೂತಿದ್ದವು. ಮೊದಲನೆಯದು ಒಡೆತನ. ಎಸ್3ಯ ಹಳೆಯ ಪದ್ಧತಿಯಲ್ಲಿ ಫೈಲನ್ನು ಏರಿಸಿದ ಅಕೌಂಟೇ ಅದರ ಒಡೆಯ, ಬಕೆಟ್ ಯಾರದಾದರೂ ಆಗಿರಲಿ. ಒಡೆಯರು ಎಸಿಎಲ್ (ಫೈಲಿಗೆ ಅಂಟಿದ ಅನುಮತಿ ಪಟ್ಟಿ) ಮೂಲಕ ಬಿಟ್ಟುಕೊಡದಿದ್ದರೆ ಬಕೆಟ್ಟಿನವರಿಗೂ ಪ್ರವೇಶವಿಲ್ಲ. 2021ರ ಕೊನೆಯಲ್ಲಿ ಅಮೆಜಾನ್, ಎಸಿಎಲ್‌ಗಳನ್ನು ಪೂರ್ತಿ ಬಿಟ್ಟು ಎಲ್ಲ ಫೈಲುಗಳ ಒಡೆತನ ಬಕೆಟ್ಟಿನವರಿಗೇ ಸೇರುವಂತೆ ಮಾಡುವ ಆಯ್ಕೆ ಕೊಟ್ಟಿತು. 2023ರ ಏಪ್ರಿಲಿನಿಂದ ಹೊಸ ಬಕೆಟ್‌ಗಳಿಗೆ ಇದೇ ಸಹಜ ಸ್ಥಿತಿ. ನಮ್ಮದು ಅದಕ್ಕೂ ಹಿಂದಿನ ಬಕೆಟ್ ಆದ್ದರಿಂದ ಹಳೆಯ ಪದ್ಧತಿಯೇ ಉಳಿದಿತ್ತು. ಆ ಆಯ್ಕೆಯನ್ನು ಜಾರಿಗೆ ತಂದೆವು. ಬಹಳಷ್ಟು ಫೈಲುಗಳು ತೆರೆದವು, ಎಲ್ಲವೂ ಅಲ್ಲ.

ಉಳಿದವುಗಳಿಗೆ ಕಾರಣ ಎನ್‌ಕ್ರಿಪ್ಷನ್. ಪಾಲುದಾರರ ಪ್ರೋಗ್ರಾಮ್ ಕೆಲವು ಫೈಲುಗಳನ್ನು ಏರಿಸುವಾಗ ಕೆಎಂಎಸ್ ಎನ್‌ಕ್ರಿಪ್ಷನ್ ಕೇಳುತ್ತಿತ್ತು, ಯಾವ ಕೀ ಎಂದು ಹೇಳುತ್ತಿರಲಿಲ್ಲ. ಹಾಗಾಗಿ ಅವು ಅವರ ಅಕೌಂಟಿನಲ್ಲಿದ್ದ, ಅಮೆಜಾನೇ ನಿರ್ವಹಿಸುವ ಕೀಯಿಂದ ಮುಚ್ಚಿಹೋಗಿದ್ದವು. ಆ ಬಗೆಯ ಕೀಯ ಪಾಲಿಸಿಯನ್ನು ಯಾರೂ ಬದಲಿಸಲಾಗದು, ಬೇರೆ ಅಕೌಂಟಿಗೆ ಹಂಚಲಾಗದು. ಫೈಲ್ ನಮ್ಮದಾಗಿದ್ದರೂ ಅದನ್ನು ಬಿಡಿಸುವ ಕೀ ನಮ್ಮದಾಗಿರಲಿಲ್ಲ. ಪಟ್ಟಿ ತೋರಿಸಲು ಫೈಲನ್ನು ಬಿಡಿಸಬೇಕಾಗಿಲ್ಲವಾದ್ದರಿಂದ ಹೆಸರು, ಗಾತ್ರ ಮಾತ್ರ ಕಾಣುತ್ತಿದ್ದವು.

ನಮ್ಮ ಅಕೌಂಟಿನಲ್ಲೇ ನಾವು ನಿರ್ವಹಿಸುವ ಕೀಯೊಂದನ್ನು ಮಾಡಿದೆವು. ಏರಿಸಲು ಬೇಕಾದ ‘ಜನರೇಟ್ ಡೇಟಾ ಕೀ’, ದೊಡ್ಡ ಫೈಲನ್ನು ತುಂಡುತುಂಡಾಗಿ ಏರಿಸುವಾಗ ಬೇಕಾಗುವ ‘ಡಿಕ್ರಿಪ್ಟ್’, ಈ ಎರಡನ್ನು ಮಾತ್ರ ಪಾಲುದಾರರ ಒಂದು ರೋಲಿಗೆ ಕೀಯ ಪಾಲಿಸಿಯಲ್ಲಿ ಬರೆದೆವು. ಅವರ ಕಡೆಯಲ್ಲೂ ಆ ರೋಲಿಗೆ ಅದೇ ಅನುಮತಿ ಕೊಡಿಸಿದೆವು. ಮುಚ್ಚಿಹೋಗಿದ್ದ ಫೈಲುಗಳನ್ನು ಅವರು ಹೊಸ ಕೀಯಲ್ಲಿ ಮತ್ತೆ ಏರಿಸಿಕೊಟ್ಟರು. ಮೊದಲ ಕಾರಣ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದು, ಒಂದೇ 403ರ ಹಿಂದೆ ಎರಡು ತಡೆಗಳಿರಬಹುದು ಎಂದು ನನಗೆ ಮನವರಿಕೆಯಾದದ್ದು ಈ ಕೆಲಸದಿಂದ.

ಎಲ್ಲಿಂದ ಕೇಳುತ್ತಿದ್ದಾರೆ?

ಕಚೇರಿಯ ಐಪಿ ವಿಳಾಸದಿಂದ ಬಾರದ ಕೋರಿಕೆಗಳನ್ನೆಲ್ಲ ತಡೆಯುವ ‘ಡಿನೈ’ ಸಾಲು ಬಕೆಟ್ ಪಾಲಿಸಿಯಲ್ಲಿ ಇದ್ದರೆ, ಮನೆಯಿಂದ ಕೆಲಸ ಮಾಡುವವರಿಗೆ ತೊಂದರೆಯಾಗುವುದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದ್ದು ಇನ್ನೊಂದು: ಕೋರಿಕೆ ಖಾಸಗಿ ನೆಟ್‌ವರ್ಕಿನ ವಿಪಿಸಿ ಎಂಡ್‌ಪಾಯಿಂಟ್ ಮೂಲಕ ಹೋದರೆ ಸಾರ್ವಜನಿಕ ಐಪಿ ವಿಳಾಸದ ಷರತ್ತು ಅದಕ್ಕೆ ಹೊಂದುವುದೇ ಇಲ್ಲ, ‘ಡಿನೈ’ ತಾನಾಗಿ ಬೀಳುತ್ತದೆ. ನಮ್ಮ ನೆಟ್‌ವರ್ಕ್ ತಂಡ ಎಂಡ್‌ಪಾಯಿಂಟ್ ಜೋಡಿಸಿದ ಮೇಲೆ, ಅಲ್ಲಿಯವರೆಗೆ ಓಡುತ್ತಿದ್ದ ಪ್ರೋಗ್ರಾಮ್ ನಿಂತುಹೋದದ್ದು ಇದರಿಂದಲೇ. ಯಾವ ಪಾಲಿಸಿಯೂ ಬದಲಾಗಿರಲಿಲ್ಲ, ದಾರಿ ಬದಲಾಗಿತ್ತು. ಇಂಥ ಸಾಲನ್ನು ಎಚ್ಚರವಿಲ್ಲದೆ ಬರೆದರೆ ಅಡ್ಮಿನ್‌ಗಳೂ ಹೊರಗುಳಿಯುತ್ತಾರೆ. ಆಗ ಅಕೌಂಟಿನ ರೂಟ್ ಬಳಕೆದಾರರಾಗಿ ಲಾಗಿನ್ ಆಗಿ ಪಾಲಿಸಿಯನ್ನು ಅಳಿಸಬೇಕಾಗುತ್ತದೆ.

ನಕ್ಷತ್ರ ಚಿಹ್ನೆಯ ಆಸೆ

ಇಷ್ಟೆಲ್ಲ ಹುಡುಕುವ ಬದಲು ಎಲ್ಲ ಕ್ರಿಯೆಗಳಿಗೂ ಎಲ್ಲ ಬಕೆಟ್‌ಗಳಿಗೂ ನಕ್ಷತ್ರ ಚಿಹ್ನೆ ಹಾಕಿ ಅನುಮತಿ ಕೊಟ್ಟುಬಿಡಿ, ಆಮೇಲೆ ತೆಗೆದರಾಯಿತು ಎಂಬ ಸಲಹೆ ಪ್ರತಿ ಸಲವೂ ಬರುತ್ತದೆ. ನಾನು ಒಪ್ಪುವುದಿಲ್ಲ. ಕೆಲಸ ನಡೆಯತೊಡಗಿದ ಮೇಲೆ ಅದನ್ನು ತೆಗೆಯಲು ಯಾರೂ ಮುಂದೆ ಬರುವುದಿಲ್ಲ. ಏನಾದರೂ ನಿಂತುಹೋದರೆ ಎಂಬ ಭಯ. ಬೇಕಿಲ್ಲದ ಅಧಿಕಾರದ ಅಪಾಯಕ್ಕೆ ಒಂದು ಉದಾಹರಣೆ: 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಮಾಹಿತಿ ಸೋರಿಕೆ ಬಯಲಾಯಿತು. ಫೈರ್‌ವಾಲ್ ಕೆಲಸಕ್ಕಿದ್ದ ರೋಲೊಂದಕ್ಕೆ ಬಕೆಟ್‌ಗಳ ಪಟ್ಟಿ ನೋಡುವ, ಫೈಲುಗಳನ್ನು ಓದುವ ಅಧಿಕಾರವೂ ಇತ್ತು. ಆ ರೋಲಿನ ಕ್ರೆಡೆನ್ಷಿಯಲ್ ದಾಳಿಕೋರರ ಕೈಗೆ ಸಿಕ್ಕಿದಾಗ ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಹೊರಹೋಯಿತು. ಮರುವರ್ಷ ನಿಯಂತ್ರಣ ಸಂಸ್ಥೆ ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ಹಾಕಿತು. ರೋಲಿಗೆ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿದ್ದಿದ್ದರೆ ಹಾನಿ ಅಷ್ಟು ದೂರ ಹೋಗುತ್ತಿರಲಿಲ್ಲ.

ಹುಡುಕಾಟ ಈಗ ಮೊದಲಿನಷ್ಟು ಕಷ್ಟವೂ ಅಲ್ಲ. ಒಂದೇ ಅಕೌಂಟಿನೊಳಗಿನ ಕೋರಿಕೆಗಳಿಗೆ ಎಸ್3 ಈಗ ಯಾರು, ಯಾವ ಕ್ರಿಯೆ, ಯಾವ ಬಗೆಯ ಪಾಲಿಸಿಯಿಂದ ನಿರಾಕರಣೆ ಎಂದು ಸಂದೇಶದಲ್ಲೇ ತಿಳಿಸುತ್ತದೆ. ಆ ಸಾಲನ್ನು ಕೊನೆಯವರೆಗೆ ಓದಿದರೆ ಅರ್ಧ ಕೆಲಸ ಮುಗಿದಂತೆ. ಕ್ಲೌಡ್‌ಟ್ರೇಲ್ ದಾಖಲೆಯೂ ನೆರವಿಗಿದೆ. ಆದರೆ ಫೈಲುಗಳ ಓದು, ಬರಹವನ್ನು ಅದು ತಾನಾಗಿ ದಾಖಲಿಸುವುದಿಲ್ಲ, ‘ಡೇಟಾ ಈವೆಂಟ್ಸ್’ ಎಂಬುದನ್ನು ಮೊದಲೇ ಆನ್ ಮಾಡಿರಬೇಕು. ಮುಖ್ಯ ಬಕೆಟ್‌ಗಳಿಗಾದರೂ, ಖರ್ಚು ನೋಡಿಕೊಂಡು, ಇದನ್ನು ಮಾಡಿಡಿ. ತೊಂದರೆ ಬಂದ ಮೇಲೆ ಆನ್ ಮಾಡಿದರೆ ಹಿಂದಿನದು ಸಿಗದು.

ಈಗ ನಮ್ಮಲ್ಲಿ ಪರ್ಮಿಷನ್ ಕೇಳುವವರು ಐದು ವಿಷಯ ಕಳುಹಿಸುತ್ತಾರೆ: ಯಾವ ಗುರುತು, ಯಾವ ಕ್ರಿಯೆ, ಫೈಲಿನ ಪೂರ್ಣ ಹೆಸರು, ಎಲ್ಲಿಂದ ಕೇಳಿದ್ದು, ಬಂದ ಸಂದೇಶ ಯಥಾವತ್ತಾಗಿ. ನಾವು ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರೀಕ್ಷಿಸಿ, ಫಲಿಸದ ಬದಲಾವಣೆಯನ್ನು ಹಿಂದಕ್ಕೆ ತೆಗೆದು, ಫಲಿಸಿದ್ದನ್ನು ಬರೆದಿಡುತ್ತೇವೆ. ಕೊಡುವ ಪ್ರತಿ ಅನುಮತಿಯ ಜೊತೆಗೂ ಅದು ಯಾರಿಗೆ, ಯಾವುದಕ್ಕೆ, ಯಾವ ಕೆಲಸಕ್ಕಾಗಿ ಎಂಬ ಒಂದು ವಾಕ್ಯ ಇರಲೇಬೇಕು. ಆ ವಾಕ್ಯವನ್ನು ಬರೆಯಲು ಆಗದಿದ್ದರೆ, ತೊಂದರೆ ಇನ್ನೂ ನಮಗೆ ಅರ್ಥವಾಗಿಲ್ಲ ಎಂದು ತಿಳಿದು ಹುಡುಕಾಟ ಮುಂದುವರಿಸುತ್ತೇವೆ.